ಇನ್ನು ಮೂರು ನಿಮಿಷ ಅಂದ ಬಸ್ಸು ಎಲ್ಲಿ ಹೋಯಿತು?

ಮೊನ್ನೆ ಒಂದು ಬಸ್ಸು ನನ್ನ ಮೇಲೇ ಹಾದು ಹೋಯಿತು. ಫೋನಿನಲ್ಲಿ ಅಷ್ಟೇ, ಗಾಬರಿ ಬೇಡ. ಸ್ಟಾಪಿನಲ್ಲಿ ನಿಂತು ಆ್ಯಪ್ ನೋಡುತ್ತಿದ್ದೆ. ಎಂಟು ನಿಮಿಷ ಅಂತಿತ್ತು. ಐದಾಯಿತು, ಮೂರಾಯಿತು, ಆಮೇಲೆ 'ಬರುತ್ತಿದೆ' ಅಂತ ಬಂತು. ಬ್ಯಾಗ್ ಹೆಗಲಿಗೇರಿಸಿ, ಕತ್ತು ಉದ್ದ ಮಾಡಿ ರಸ್ತೆ ನೋಡುತ್ತಾ ನಿಂತೆ. ಮ್ಯಾಪಿನಲ್ಲಿ ಪುಟ್ಟ ಬಸ್ಸಿನ ಚಿತ್ರ ನಾನಿದ್ದ ನೀಲಿ ಚುಕ್ಕಿಯ ಮೇಲೆ ಬಂತು, ಒಂದು ಕ್ಷಣ ನಿಂತಿತು, ಮುಂದಿನ ಸ್ಟಾಪಿನ ಕಡೆ ಹೊರಟೇ ಹೋಯಿತು. ರಸ್ತೆಯಲ್ಲಿ ಮಾತ್ರ ಬಸ್ಸಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಫೋನಿಗೆ ಇಣುಕಿ, "ನಿಮ್ಮ ಬಸ್ ಹೋಯ್ತಲ್ರೀ, ಹತ್ತಲಿಲ್ವಾ?" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೆ ಈ ವಿಷಯವನ್ನು ಸ್ವಲ್ಪ ಕೆದಕಿದೆ. ಬಸ್ ಕಾಯುವವರಿಗೆ ಆ್ಯಪ್‌ನಿಂದ ಬೇಕಾದದ್ದು ಮೂರು ಪ್ರಶ್ನೆಗೆ ಉತ್ತರ. ಬಸ್ಸು ಈಗ ಎಲ್ಲಿದೆ? ನನ್ನ ಸ್ಟಾಪಿಗೆ ಯಾವಾಗ ಬರುತ್ತದೆ? ಅಸಲಿಗೆ ಬರುತ್ತದೋ ಇಲ್ಲವೋ? ಮೂರೂ ಒಂದೇ ಅನಿಸುತ್ತವೆ, ಆದರೆ ಅಲ್ಲ. ಮೊದಲನೆಯದಕ್ಕೆ ಈಗಿನ ತಂತ್ರಜ್ಞಾನ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ತಕ್ಕಮಟ್ಟಿಗೆ. ಮೂರನೆಯದಕ್ಕೆ ಬಹಳ ಕಡೆ ಉತ್ತರವೇ ಇರುವುದಿಲ್ಲ. ಸ್ಟಾಪಿನಲ್ಲಿ ನಿಂತವರಿಗೆ ಎಲ್ಲಕ್ಕಿಂತ ಮೊದಲು ಬೇಕಿರುವುದು ಆ ಮೂರನೆಯದೇ. ಬಸ್ಸು ಬರುವುದಿಲ್ಲ ಅಂತ ಖಾತ್ರಿಯಾದರೆ ನಡೆದೋ ಬೇರೆ ರೂಟ್ ಹಿಡಿದೋ ಹೋಗಬಹುದು. ಬಂದೀತು ಅಂತ ಕಾಯುವುದೇ ಹಿಂಸೆ.

ಬಸ್ಸು ಎಲ್ಲಿದೆ ಅಂತ ತಿಳಿಯುವುದೂ ಒಂದು ಕಾಲಕ್ಕೆ ಕಷ್ಟವೇ ಆಗಿತ್ತು. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಕೆಲವು ಸ್ಟಾಪುಗಳಲ್ಲಿ 'ಕೌಂಟ್‌ಡೌನ್' ಎಂಬ ಬೋರ್ಡುಗಳು ಬಂದವು. ಮುಂದಿನ ಬಸ್ಸಿಗೆ ಇನ್ನೆಷ್ಟು ನಿಮಿಷ ಅಂತ ಅವು ತೋರಿಸುತ್ತಿದ್ದವು. ಆಗೆಲ್ಲ ರಸ್ತೆ ಬದಿಯಲ್ಲಿ ಬೀಕನ್ ಅನ್ನುವ, ಸಿಗ್ನಲ್ ಕೊಡುವ ಸಾಧನ ಇಟ್ಟು, ಬಸ್ಸು ಅದನ್ನು ದಾಟಿದಾಗ ಗುರುತಿಸಿಕೊಂಡು, ಅಲ್ಲಿಂದ ಮುಂದೆ ಚಕ್ರ ಎಷ್ಟು ಉರುಳಿತು ಅನ್ನುವುದರ ಮೇಲೆ ಲೆಕ್ಕ ಹಾಕಬೇಕಿತ್ತು. ಜಿಪಿಎಸ್ ಇತ್ತು, ಆದರೆ ಅಮೆರಿಕದ ಸೇನೆ ಬೇರೆಯವರಿಗೆ ಸಿಗುವ ಸಿಗ್ನಲ್ಲಿನಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಕಲಬೆರಕೆ ನಿಲ್ಲಿಸಿದರು. ಅಲ್ಲಿಂದ ಮುಂದೆ ಬಸ್ಸಿನ ಜಾಗ ಹುಡುಕುವುದು ಅಗ್ಗವೂ ಸುಲಭವೂ ಆಯಿತು. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ವಾಪಸ್ ಬಂದಾಗ ಬಸ್ಸು ಪಕ್ಕದ ರಸ್ತೆಗೆ ಹಾರಿದಂತೆ ಕಾಣುವುದುಂಟು. ಅದು ಸಣ್ಣ ತೊಂದರೆ.

ಇನ್ನೊಂದು ದೊಡ್ಡ ಹೆಜ್ಜೆ 2005ರದ್ದು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ, ಬಸ್ಸಿನ ರೂಟು, ಸ್ಟಾಪು, ಸಮಯ ಎಲ್ಲವನ್ನೂ ಬರೆಯಲು ಒಂದು ಸರಳ ವಿಧಾನ ಮಾಡಿದವು. ಅದೇ ಈಗ ಜಿಟಿಎಫ್ಎಸ್ ಅಂತ ಲೋಕವೆಲ್ಲ ಬಳಸುವ ಮಾದರಿ. ಒಳಗೆ ನೋಡಿದರೆ ಅಂಥ ಮಾಯಾಜಾಲ ಏನೂ ಇಲ್ಲ. ಅಲ್ಪವಿರಾಮ ಹಾಕಿ ಸಾಲು ಸಾಲಾಗಿ ಬರೆದ ಟೆಕ್ಸ್ಟ್ ಫೈಲುಗಳು, ಅಷ್ಟೇ. 2011ರಲ್ಲಿ ಇದರ ಲೈವ್ ರೂಪ ಬಂತು. ಬಸ್ಸು ಎಲ್ಲಿದೆ, ಟ್ರಿಪ್ ಎಷ್ಟು ತಡ, ರೂಟಿನಲ್ಲಿ ಏನಾದರೂ ಅಡಚಣೆ ಇದೆಯಾ ಅನ್ನುವ ಮೂರು ಬಗೆಯ ಮಾಹಿತಿ ಅದರಲ್ಲಿ ಹೋಗುತ್ತದೆ. ಕನಿಷ್ಠ 30 ಸೆಕೆಂಡಿಗೊಮ್ಮೆ ಹೊಸದಾಗಬೇಕು, ಬಸ್ಸಿನ ಜಾಗದ ಮಾಹಿತಿ 90 ಸೆಕೆಂಡಿಗಿಂತ ಹಳೆಯದಾಗಿರಬಾರದು ಅನ್ನುವುದು ಅದನ್ನು ಬಳಸುವವರಿಗೆ ಕೊಟ್ಟಿರುವ ಸಲಹೆ. ಗಂಟೆಗೆ 30 ಕಿಲೋಮೀಟರ್ ವೇಗದ ಬಸ್ಸು 90 ಸೆಕೆಂಡಿನಲ್ಲಿ ಮುಕ್ಕಾಲು ಕಿಲೋಮೀಟರ್ ಹೋಗಿಬಿಡುತ್ತದೆ. ಅಂದರೆ ಎಲ್ಲ ಸರಿಯಾಗಿದ್ದಾಗಲೂ ನೀವು ನೋಡುತ್ತಿರುವುದು ಸ್ವಲ್ಪ ಹಳೆಯ ಬಸ್ಸನ್ನೇ.

ಆದರೆ ಬಸ್ಸಿನ ಜಾಗ ಗೊತ್ತಾದ ಮಾತ್ರಕ್ಕೆ ಅದು ಯಾವ ಬಸ್ಸು ಅಂತ ಗೊತ್ತಾಗುವುದಿಲ್ಲ. ಜಿಪಿಎಸ್ ಪೆಟ್ಟಿಗೆಗೆ ಗೊತ್ತಿರುವುದು ಇಷ್ಟೇ: ಇಂಥ ನಂಬರಿನ ವಾಹನ ಇಂಥ ಜಾಗದಲ್ಲಿದೆ. ಅದು ಈಗ ಯಾವ ಟ್ರಿಪ್ ಓಡಿಸುತ್ತಿದೆ, ಜನರನ್ನು ಹತ್ತಿಸಿಕೊಳ್ಳುತ್ತದಾ, ಖಾಲಿ ಡಿಪೋಗೆ ಹೋಗುತ್ತಿದೆಯಾ ಅನ್ನುವುದನ್ನು ಬೇರೆ ಯಾರಾದರೂ ಹೇಳಬೇಕು. ಬಹಳ ಕಡೆ ಅದನ್ನು ಹೇಳುವುದು ಡ್ರೈವರ್. ಬೆಳಿಗ್ಗೆ ಸೀಟಿನಲ್ಲಿ ಕೂತ ಮೇಲೆ ಒಂದು ಸಣ್ಣ ಪರದೆಯಲ್ಲಿ ತನ್ನ ಡ್ಯೂಟಿ ನಂಬರ್ ಒತ್ತಬೇಕು. ಒಂದಂಕಿ ತಪ್ಪಿದರೆ ಬಸ್ಸು ಬೇರೆ ರೂಟಿನಲ್ಲಿ ಕಾಣಿಸುತ್ತದೆ. ಒತ್ತುವುದನ್ನೇ ಮರೆತರೆ ಇಡೀ ಬಸ್ಸೇ ಮಾಯ. ಆ್ಯಪ್‌ನಲ್ಲಿ ಏನೂ ಇಲ್ಲದಿರುವಾಗ ಎದುರಿಗೆ ಬಸ್ಸು ಬಂದು ನಿಂತು ನೀವು ಕಣ್ಣುಜ್ಜಿಕೊಂಡಿದ್ದರೆ, ಕಾರಣ ಇದೇ ಇರಬಹುದು. ಅರ್ಧದಲ್ಲಿ ಬಸ್ಸು ಕೆಟ್ಟು ಬದಲಿ ಬಸ್ಸು ಬಂದಾಗಲೂ ಇದೇ ಕಥೆ. ಜನರನ್ನು ಇಳಿಸಿ ಹತ್ತಿಸುವ ಗಡಿಬಿಡಿಯಲ್ಲಿ ನಂಬರ್ ಒತ್ತುವುದು ಯಾರಿಗೆ ನೆನಪಿರುತ್ತದೆ?

ಈಗ ಎರಡನೇ ಪ್ರಶ್ನೆ. ನನ್ನ ಸ್ಟಾಪಿಗೆ ಯಾವಾಗ? ಹಿಂದೆ ಇದೇ ಹೊತ್ತಿನಲ್ಲಿ ಈ ದಾರಿಗೆ ಎಷ್ಟು ಸಮಯ ಹಿಡಿದಿತ್ತು, ಈ ಬಸ್ಸು ಈಗ ಎಷ್ಟು ವೇಗದಲ್ಲಿದೆ, ಮುಂದೆ ಹೋದ ಬಸ್ಸಿಗೆ ಏನಾಯಿತು ಅನ್ನುವುದನ್ನೆಲ್ಲ ಸೇರಿಸಿ ಸಾಫ್ಟ್‌ವೇರ್ ಒಂದು ಅಂದಾಜು ಮಾಡುತ್ತದೆ. ಬಸ್ಸು ಎರಡು ಸ್ಟಾಪ್ ಹಿಂದಿದ್ದರೆ ಅಂದಾಜು ಚೆನ್ನಾಗಿರುತ್ತದೆ. ಇಪ್ಪತ್ತು ನಿಮಿಷ ದೂರದಲ್ಲಿದ್ದರೆ ನಡುವೆ ಎಷ್ಟು ಸಿಗ್ನಲ್, ಎಷ್ಟು ಜನ, ಎಲ್ಲಿ ಅಡ್ಡ ನಿಂತ ಲಾರಿ, ಯಾರಿಗೆ ಗೊತ್ತು?

ಎಲ್ಲಕ್ಕಿಂತ ಕಷ್ಟವಾದದ್ದು ಇನ್ನೂ ಹೊರಡದ ಬಸ್ಸು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಒಂದು ಬಸ್ಸು ಹನ್ನೊಂದು ನಿಮಿಷ ತಡವಾಗಿ ಕೊನೆಯ ಸ್ಟಾಪಿಗೆ ಬಂತು ಅಂದುಕೊಳ್ಳಿ. ವಾಪಸ್ ಹೊರಡುವ ಮುನ್ನ ಎಂಟು ನಿಮಿಷ ಬಿಡುವಿತ್ತು. ಆ ಬಿಡುವು ಆಗಲೇ ಮುಗಿದು ಮೂರು ನಿಮಿಷವಾಗಿದೆ. ಈಗ ಡ್ರೈವರ್ ತಕ್ಷಣ ಹೊರಡುತ್ತಾರಾ? ಬಾತ್‌ರೂಮಿಗೆ ಹೋಗಿ, ಒಂದು ಗುಟುಕು ನೀರು ಕುಡಿದು ಬರುತ್ತಾರಾ? ಡ್ಯೂಟಿ ಬದಲಾಗುವ ಹೊತ್ತಾಗಿದ್ದು, ಮುಂದಿನ ಡ್ರೈವರ್ ಕೂತಿರುವ ಬಸ್ಸೂ ಎಲ್ಲೋ ಸಿಕ್ಕಿಹಾಕಿಕೊಂಡಿದೆಯಾ? ಇದ್ಯಾವುದೂ ಉಪಗ್ರಹಕ್ಕೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಿಂತ ಬಸ್ಸು. ಹಾಗಾಗಿ ಸಾಫ್ಟ್‌ವೇರ್ ವೇಳಾಪಟ್ಟಿ ನೋಡಿಯೋ ಊಹೆ ಮಾಡಿಯೋ, ಇನ್ನೇನು ಹೊರಡುತ್ತದೆ ಅನ್ನುತ್ತದೆ. ಹೊರಡದಿದ್ದರೆ ಒಂದು ನಿಮಿಷ ಮುಂದಕ್ಕೆ ಹಾಕುತ್ತದೆ. ಮತ್ತೆ ಒಂದು ನಿಮಿಷ. ನಿಮ್ಮ ಪರದೆಯಲ್ಲಿ 'ನಾಲ್ಕು ನಿಮಿಷ' ಅನ್ನುವುದು ಹತ್ತು ನಿಮಿಷ ಹಾಗೇ ಕೂತಿರುವುದು ಇದರಿಂದ. ರೂಟಿನ ಮೊದಮೊದಲ ಸ್ಟಾಪುಗಳಲ್ಲಿ ಹತ್ತುವವರಿಗೆ ಆ್ಯಪ್ ಮೇಲೆ ಸಿಟ್ಟು ಜಾಸ್ತಿ ಇದ್ದರೆ ಅದರಲ್ಲಿ ನ್ಯಾಯ ಇದೆ.

ತಪ್ಪಿನಲ್ಲೂ ಎರಡು ಬಗೆ. ಐದು ನಿಮಿಷ ಅಂತ ಹೇಳಿ ಏಳಕ್ಕೆ ಬಂದರೆ ಎರಡು ನಿಮಿಷ ಗೊಣಗುತ್ತೀರಿ, ಮುಗಿಯಿತು. ಐದು ಅಂತ ಹೇಳಿ ಮೂರಕ್ಕೇ ಬಂದು ಹೋದರೆ? ನೀವಿನ್ನೂ ಮೆಟ್ಟಿಲು ಇಳಿಯುತ್ತಿರುತ್ತೀರಿ. ಬೇಗ ಹೋಗುವ ಬಸ್ಸು ತಡವಾದ ಬಸ್ಸಿಗಿಂತ ಕೆಟ್ಟದ್ದು. 2017ರ ನವೆಂಬರಿನಲ್ಲಿ ಜಪಾನಿನ ತ್ಸುಕುಬಾ ಎಕ್ಸ್‌ಪ್ರೆಸ್ ರೈಲು 9 ಗಂಟೆ 44 ನಿಮಿಷ 40 ಸೆಕೆಂಡಿಗೆ ಹೊರಡಬೇಕಿತ್ತು. 20 ಸೆಕೆಂಡ್ ಮುಂಚೆ ಹೊರಟಿತು. ಕಂಪನಿ ಕ್ಷಮೆ ಕೇಳಿತು. ಲೋಕವೆಲ್ಲ ನಕ್ಕಿತು, ನಾನೂ ನಕ್ಕೆ. ಈಗ ಅನಿಸುತ್ತದೆ, ಅವರು ಕ್ಷಮೆ ಕೇಳಿದ್ದರಲ್ಲಿ ನಗುವಂಥದ್ದು ಏನಿತ್ತು? ಸಮಯಕ್ಕೆ ಸರಿಯಾಗಿ ಬಂದವನಿಗೆ ರೈಲು ತಪ್ಪಿದರೆ ಅವನ ಕಡೆ ತಪ್ಪೇನೂ ಇಲ್ಲ ಅಲ್ವಾ? ಒಳ್ಳೆಯ ಅಂದಾಜು ಅಂದರೆ ತಪ್ಪುವುದಾದರೂ ನಮ್ಮನ್ನು ಸ್ವಲ್ಪ ಬೇಗ ಸ್ಟಾಪಿಗೆ ಕಳಿಸುವ ಕಡೆಗೆ ತಪ್ಪಬೇಕು.

ನ್ಯೂಯಾರ್ಕಿನವರು ಒಂದು ಬೇರೆ ದಾರಿ ಹಿಡಿದಿದ್ದರು. ಅಲ್ಲಿ 2011ರಲ್ಲಿ ಬ್ರೂಕ್ಲಿನ್ನಿನ ಬಿ63 ರೂಟಿನಲ್ಲಿ ಬಸ್ ಟ್ರ್ಯಾಕಿಂಗ್ ಶುರುವಾದಾಗ ನಿಮಿಷವನ್ನೇ ತೋರಿಸಲಿಲ್ಲ. ಬಸ್ಸು ಎಷ್ಟು ಸ್ಟಾಪ್ ದೂರ, ಎಷ್ಟು ಮೈಲಿ ದೂರ ಅಂತ ಮಾತ್ರ ಹೇಳುತ್ತಿತ್ತು. ನಿಮಿಷ ಬಂದದ್ದು ಆಮೇಲೆ. ನನಗೆ ಆ ಮೊದಲಿನ ಪದ್ಧತಿಯ ಮೇಲೆ ಸ್ವಲ್ಪ ಒಲವು. ಗೊತ್ತಿರುವುದನ್ನು ಹೇಳಿ, ಉಳಿದದ್ದನ್ನು ದಿನಾ ಓಡಾಡುವವರ ಅನುಭವಕ್ಕೆ ಬಿಡುವುದು. ಆದರೆ ಊರಿಗೆ ಹೊಸಬರಾದವರಿಗೆ 'ಮೂರು ಸ್ಟಾಪ್ ದೂರ' ಅಂದರೆ ಏನೂ ಅರ್ಥವಾಗದು, ಅದೂ ನಿಜ.

ಇಲ್ಲಿಯವರೆಗೆ ಆ್ಯಪ್ ಮೇಲೆ ದೂರು ಹೇಳಿದ್ದಾಯಿತು. ಆದರೆ ಆ್ಯಪ್ ತನ್ನ ಲೆಕ್ಕವನ್ನೆಲ್ಲ ಕಟ್ಟುವುದು ವೇಳಾಪಟ್ಟಿಯ ಮೇಲೆ. ಅದು ಹೇಗೆ ತಯಾರಾಗುತ್ತದೆ ಗೊತ್ತಾ? ನಲವತ್ತು ಸ್ಟಾಪಿನ ರೂಟಿನಲ್ಲಿ ನಲವತ್ತಕ್ಕೂ ಯಾರೂ ಕೂತು ಸಮಯ ಬರೆಯುವುದಿಲ್ಲ. ಮುಖ್ಯವಾದ ಐದಾರು ಸ್ಟಾಪುಗಳಿಗೆ ಸಮಯ ಗೊತ್ತು ಮಾಡುತ್ತಾರೆ. ನಡುವಿನವಕ್ಕೆ ದೂರ ನೋಡಿ ಕಂಪ್ಯೂಟರ್ ಹಂಚಿಬಿಡುತ್ತದೆ. ನಿಮ್ಮ ಸ್ಟಾಪಿಗೆ 8:17 ಅಂತ ಬರೆದಿದ್ದರೆ ಅದು ಯಾರೂ ಕೊಟ್ಟ ಮಾತಲ್ಲ, ಒಂದು ಭಾಗಾಕಾರದ ಉತ್ತರ. ಇನ್ನು ಒಟ್ಟು ಸಮಯ. ಬಿಗಿಯಾಗಿ ಇಟ್ಟರೆ ಬಸ್ಸುಗಳು ದಿನಾ ತಡ. ಸಡಿಲ ಬಿಟ್ಟರೆ ರಸ್ತೆ ಖಾಲಿ ಇದ್ದ ದಿನ ಬಸ್ಸು ಸುಮ್ನೆ ಸ್ಟಾಪಿನಲ್ಲಿ ನಿಂತು ಕಾಲ ತಳ್ಳಬೇಕು. ಒಳಗಿದ್ದವರು, "ಇದೇನು, ಹೊರಡಲ್ವಾ?" ಅಂತ ಕೂಗುತ್ತಾರೆ. ಎರಡರಲ್ಲಿ ಯಾವ ಬೈಗುಳ ಬೇಕು ಅಂತ ಆರಿಸಿಕೊಳ್ಳುವುದೇ ವೇಳಾಪಟ್ಟಿ ಬರೆಯುವವರ ಕೆಲಸ.

ಬಸ್ಸು ಅಪರೂಪವಾಗಿರುವ ಕಡೆ ವೇಳಾಪಟ್ಟಿ ಮುಖ್ಯ. ಗಂಟೆಗೊಂದು ಬಸ್ಸಿದ್ದರೆ ಎಲ್ಲರೂ ಗಡಿಯಾರ ನೋಡಿಯೇ ಬರುತ್ತಾರೆ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಯಾರೂ ಟೈಮ್ ನೋಡುವುದಿಲ್ಲ, ಸುಮ್ನೆ ಬಂದು ನಿಲ್ಲುತ್ತಾರೆ. ಅಲ್ಲಿ ಬೇಕಿರುವುದು ಬಸ್ಸುಗಳ ನಡುವೆ ಸಮ ಅಂತರ. ಇದನ್ನು ಸ್ವಲ್ಪ ಲೆಕ್ಕ ಮಾಡಿಯೇ ನೋಡೋಣ. ಗಂಟೆಗೆ ಆರು ಬಸ್ಸು. ಸರಿಯಾಗಿ ಹತ್ತು ನಿಮಿಷಕ್ಕೊಂದು ಬಂದರೆ ಸರಾಸರಿ ಐದು ನಿಮಿಷ ಕಾಯುತ್ತೀರಿ. ಅದೇ ಆರು ಬಸ್ಸು ಜೋಡಿ ಜೋಡಿಯಾಗಿ, ಎರಡು ನಿಮಿಷದ ಅಂತರ, ಆಮೇಲೆ ಹದಿನೆಂಟು ನಿಮಿಷದ ಅಂತರ ಅಂತ ಬಂದರೆ? ಸ್ಟಾಪಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಆ ಉದ್ದದ ಅಂತರದಲ್ಲೇ ಬಂದು ಬೀಳುತ್ತಾರೆ. ಅವರು ಸರಾಸರಿ ಒಂಬತ್ತು ನಿಮಿಷ ಕಾಯುತ್ತಾರೆ. ಅದೃಷ್ಟವಂತ ಒಬ್ಬ ಮಾತ್ರ ಒಂದು ನಿಮಿಷ. ಒಟ್ಟು ಸರಾಸರಿ 8.2 ನಿಮಿಷ. ಬಸ್ಸು ಅಷ್ಟೇ, ಡ್ರೈವರ್ ಅಷ್ಟೇ, ಡೀಸೆಲ್ ಅಷ್ಟೇ. ಕಾಯುವುದು ಮಾತ್ರ ಒಂದೂವರೆ ಪಟ್ಟಿಗೂ ಜಾಸ್ತಿ. ಆದರೂ ಸಂಸ್ಥೆಯ ವರದಿಯಲ್ಲಿ 'ಗಂಟೆಗೆ ಆರು ಬಸ್ಸು' ಅನ್ನುವುದು ಸುಳ್ಳೇನೂ ಅಲ್ಲ!

ಅರ್ಧ ಗಂಟೆ ಕಾದ ಮೇಲೆ ಒಂದೇ ಸಲಕ್ಕೆ ಎರಡು ಬಸ್ಸು ಬರುವುದನ್ನು ನೋಡಿ, ಡ್ರೈವರುಗಳು ಮಾತಾಡಿಕೊಂಡೇ ಹೀಗೆ ಮಾಡುತ್ತಾರೆ ಅಂತ ಅನುಮಾನ ಪಡುವವರಿದ್ದಾರೆ. ಪಾಪ, ಅವರ ತಪ್ಪಲ್ಲ. ಒಂದು ಬಸ್ಸು ಎಲ್ಲೋ ಎರಡು ನಿಮಿಷ ತಡವಾಗುತ್ತದೆ. ಆ ಎರಡು ನಿಮಿಷದಲ್ಲಿ ಮುಂದಿನ ಸ್ಟಾಪಿಗೆ ಇನ್ನಷ್ಟು ಜನ ಬಂದಿರುತ್ತಾರೆ. ಅವರು ಹತ್ತಿ ಮುಗಿಯುವಷ್ಟರಲ್ಲಿ ಇನ್ನೂ ತಡ. ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಅದು ಹಗುರವಾಗಿ ಓಡಿ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. 1964ರಲ್ಲೇ ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರೀ ಪಾಟ್ಸ್ ಎಂಬ ಇಬ್ಬರು ಇದನ್ನು ಗಣಿತದಿಂದ ತೋರಿಸಿದರು. ಸುಮ್ಮನೆ ಬಿಟ್ಟರೆ ಬಸ್ಸುಗಳು ಜೋಡಿಯಾಗುವುದೇ ಅವುಗಳ ಸ್ವಭಾವ. ಬಿಡಿಸಿಡಬೇಕಾದರೆ ಯಾರಾದರೂ ಕೈ ಹಾಕಬೇಕು.

ಕೈ ಹಾಕುವುದು ಅಂದರೆ ಏನು? ಹೆಚ್ಚಾಗಿ, ಮುಂದಿನದಕ್ಕೆ ತೀರಾ ಹತ್ತಿರವಾದ ಬಸ್ಸನ್ನು ಎಲ್ಲಾದರೂ ಒಂದೆರಡು ನಿಮಿಷ ನಿಲ್ಲಿಸಿಕೊಳ್ಳುವುದು. ಜಾನ್ ಬಾರ್ತೋಲ್ಡಿ ಮತ್ತು ಡೊನಾಲ್ಡ್ ಐಸೆನ್‌ಸ್ಟೈನ್ ಎಂಬ ಸಂಶೋಧಕರು 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವೇಳಾಪಟ್ಟಿಯನ್ನೇ ಬದಿಗಿಟ್ಟು, ಹಿಂದೆ ಬರುವ ಬಸ್ಸು ಎಷ್ಟು ದೂರವಿದೆ ಅನ್ನುವುದನ್ನು ನೋಡಿ ಎಷ್ಟು ಹೊತ್ತು ನಿಲ್ಲಬೇಕು ಅಂತ ತೀರ್ಮಾನಿಸಿದರೆ ಅಂತರ ತಾನಾಗೇ ಸಮವಾಗುತ್ತದೆ ಅಂತ ತೋರಿಸಿದರು. ಅಮೆರಿಕದ ಜಾರ್ಜಿಯಾ ಟೆಕ್ ಕ್ಯಾಂಪಸ್ಸಿನ ಬಸ್ಸುಗಳಲ್ಲಿ ಪರೀಕ್ಷೆಯನ್ನೂ ಮಾಡಿದರು. ಲಂಡನ್ನಿನಲ್ಲಿ ಬಸ್ಸು ಪದೇಪದೇ ಬರುವ ರೂಟುಗಳನ್ನು ಅಳೆಯುವುದು ಗಡಿಯಾರದಿಂದಲ್ಲ. ಅಂತರ ಸಮವಾಗಿದ್ದಿದ್ದರೆ ಎಷ್ಟು ಕಾಯಬೇಕಿತ್ತೋ ಅದಕ್ಕಿಂತ ಜನ ಎಷ್ಟು ಹೆಚ್ಚು ಕಾದರು ಅನ್ನುವುದೇ ಅಲ್ಲಿ ಅಳತೆ. ಬಸ್ ಓಡಿಸುವ ಕಂಪನಿಗಳಿಗೆ ಸಿಗುವ ಹಣವೂ ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ನನ್ನ ಪ್ರಕಾರ ಜಿಪಿಎಸ್‌ನ ಅಸಲಿ ಉಪಯೋಗ ಇಲ್ಲಿದೆ. ನಮಗೆ ಬಸ್ಸನ್ನು ತೋರಿಸುವುದಕ್ಕಿಂತ, ಬಸ್ಸನ್ನು ನಡೆಸುವವರಿಗೆ ತೋರಿಸುವುದರಲ್ಲಿ. ಎರಡು ಬಸ್ಸು ಅಂಟಿಕೊಂಡು ಬರುತ್ತಿರುವುದು ನನ್ನ ಫೋನಿನಲ್ಲೇ ಕಾಣುತ್ತದೆ ಅಂದಮೇಲೆ ಕಂಟ್ರೋಲ್ ರೂಮಿನಲ್ಲಿ ಕಾಣುವುದಿಲ್ಲವೇ?

ಹಾಗಂತ ಆ್ಯಪ್ ದಂಡ ಅಂತಲ್ಲ. ಸಿಯಾಟಲ್ ನಗರದಲ್ಲಿ 2008ರಲ್ಲಿ ಶುರುವಾದ ಒನ್‌ಬಸ್‌ಅವೇ ಎಂಬ, ಬಸ್ಸಿನ ಲೈವ್ ಮಾಹಿತಿ ಕೊಡುವ ಸೇವೆಯನ್ನು ಬಳಸುವವರನ್ನೂ ಬಳಸದವರನ್ನೂ ಸ್ಟಾಪಿನಲ್ಲೇ ಮಾತಾಡಿಸಿ ಅಧ್ಯಯನ ಮಾಡಿದರು. 2011ರಲ್ಲಿ ಅದು ಪ್ರಕಟವಾಯಿತು. ಆ್ಯಪ್ ನೋಡದವರು ಸರಾಸರಿ 9.9 ನಿಮಿಷ ಕಾಯುತ್ತೇವೆ ಅಂದರು. ಲೈವ್ ಮಾಹಿತಿ ಇದ್ದವರು 7.5 ನಿಮಿಷ ಅಂದರು. ನಿಜವಾಗಿ ಕಾದ ಸಮಯವೂ ಸುಮಾರು ಎರಡು ನಿಮಿಷ ಕಡಿಮೆಯಿತ್ತು. ಏನೂ ಗೊತ್ತಿಲ್ಲದೆ ಕಾಯುವವರಿಗೆ ಒಂದೊಂದು ನಿಮಿಷವೂ ಉದ್ದವಾಗುತ್ತದೆ, ಮಾಹಿತಿ ಇದ್ದವರಿಗೆ ಆ ಭ್ರಮೆ ಇಲ್ಲ ಅನ್ನುವುದೂ ಅದರಲ್ಲಿ ಕಂಡಿತು. ಇದು ಸಣ್ಣ ಲಾಭವಲ್ಲ. ಆದರೆ ಬಸ್ಸು ಒಂದು ಸೆಕೆಂಡೂ ಬೇಗ ಬರಲಿಲ್ಲ ಅನ್ನುವುದನ್ನು ಗಮನಿಸಿ. ಕಾಯುವುದು ಸ್ಟಾಪಿನಿಂದ ಮನೆಯ ಸೋಫಾಗೆ ಬಂತು, ಅಷ್ಟೇ. ಫೋನಿಲ್ಲದವರು, ಡೇಟಾ ಮುಗಿದವರು, ಕಣ್ಣು ಮಂಜಾದವರು ಮೊದಲಿನಷ್ಟೇ ಕಾಯುತ್ತಿದ್ದಾರೆ.

ಸರಿ, ನನ್ನ ಮೇಲೆ ಹಾದು ಹೋದ ಬಸ್ಸಿಗೆ ಬರೋಣ. ಅಂಥ ಬಸ್ಸಿಗೆ ಇಂಗ್ಲಿಷಿನವರು 'ಘೋಸ್ಟ್ ಬಸ್' ಅನ್ನುತ್ತಾರೆ. ದೆವ್ವದ ಬಸ್ಸು. ವೇಳಾಪಟ್ಟಿಯಲ್ಲಿ ಆ ಟ್ರಿಪ್ ಇರುತ್ತದೆ. ಬೆಳಿಗ್ಗೆ ಡ್ರೈವರ್ ರಜೆ ಹಾಕಿರುತ್ತಾರೆ, ಅಥವಾ ಬಸ್ಸು ಸ್ಟಾರ್ಟ್ ಆಗಿರುವುದಿಲ್ಲ. ಡಿಪೋದವರಿಗೆ ಗೊತ್ತು. ಫೋನಿನಲ್ಲಿ ಕಂಟ್ರೋಲ್ ರೂಮಿಗೂ ಹೇಳಿರುತ್ತಾರೆ, ರಿಜಿಸ್ಟರಿನಲ್ಲಿ ಬರೆದೂ ಇರುತ್ತಾರೆ. ಆದರೆ ಆ ಟ್ರಿಪ್ ರದ್ದು ಅಂತ ಕಂಪ್ಯೂಟರಿಗೆ ಯಾರೂ ಹೇಳಿರುವುದಿಲ್ಲ. ಲೈವ್ ಮಾಹಿತಿ ಬರದಿದ್ದಾಗ ಆ್ಯಪ್ ಏನು ಮಾಡುತ್ತದೆ? ವೇಳಾಪಟ್ಟಿಯನ್ನೇ ನಂಬುತ್ತದೆ. ಕೆಲವು ಆ್ಯಪ್‌ಗಳು ಅದನ್ನು ಬೇರೆ ಬಣ್ಣದಲ್ಲೋ ತೆಳು ಅಕ್ಷರದಲ್ಲೋ ತೋರಿಸುತ್ತವೆ. ಕೆಲವು ಬಸ್ಸಿನ ಚಿತ್ರವನ್ನೇ ವೇಳಾಪಟ್ಟಿಯ ಪ್ರಕಾರ ಓಡಿಸುತ್ತವೆ. ನಾನು ನೋಡಿದ್ದು ಅಂಥದ್ದನ್ನೇ. ಅದು ಬಸ್ಸಲ್ಲ, ಮ್ಯಾಪಿನ ಮೇಲೆ ಓಡಾಡುವ ಕಾಗದದ ಹಾಳೆ.

ತಮಾಷೆ ಅಂದರೆ, ಟ್ರಿಪ್ ರದ್ದಾಗಿದೆ ಅಂತ ಹೇಳುವ ಜಾಗ ಆ ಲೈವ್ ಮಾದರಿಯಲ್ಲಿ ಇದೆ. ಒಂದೇ ಒಂದು ಪದ ತುಂಬಿಸಬೇಕು. ತುಂಬಿಸುವವರು ಬೇಕು, ಅಷ್ಟೇ. ಇದಕ್ಕೆ ಉಪಗ್ರಹವೂ ಬೇಡ, ಹೊಸ ಪೆಟ್ಟಿಗೆಯೂ ಬೇಡ. ಬೆಳಿಗ್ಗೆ ಐದಕ್ಕೆ ಡಿಪೋದಲ್ಲಿ ಕೂರುವ ಒಬ್ಬರಿಗೆ ಒಂದು ಪರದೆ, ಮತ್ತು ನಿಜ ಹೇಳಿದರೆ ಮೇಲಿನವರು ಬೈಯುವುದಿಲ್ಲ ಅನ್ನುವ ಧೈರ್ಯ. ಎರಡನೆಯದೇ ಕಷ್ಟ. ರದ್ದು ಅಂತ ಒತ್ತಿದ ಕ್ಷಣ ಅದು ಲೆಕ್ಕಕ್ಕೆ ಬರುತ್ತದೆ. ಒತ್ತದಿದ್ದರೆ ಸ್ಟಾಪಿನಲ್ಲಿ ನಿಂತ ಮೂವತ್ತು ಜನಕ್ಕೆ ಮಾತ್ರ ಗೊತ್ತು.

2022ರಲ್ಲಿ ಚಿಕಾಗೊ ನಗರದಲ್ಲಿ ಇದೇ ದೊಡ್ಡ ಗಲಾಟೆಯಾಯಿತು. ಕೋವಿಡ್ ನಂತರ ಡ್ರೈವರುಗಳ ಕೊರತೆ. ವೇಳಾಪಟ್ಟಿ ಮಾತ್ರ ಹಳೆಯದೇ. ಹಾಗಾಗಿ ಟ್ರ್ಯಾಕರಿನಲ್ಲಿ ದೆವ್ವಗಳ ಮೆರವಣಿಗೆ. ಕೊನೆಗೆ ಇರುವಷ್ಟು ಡ್ರೈವರುಗಳಿಗೆ ತಕ್ಕಂತೆ ವೇಳಾಪಟ್ಟಿಯನ್ನೇ ಕಡಿಮೆ ಮಾಡಬೇಕಾಯಿತು. ಟ್ರಿಪ್ ಕಡಿಮೆ ಮಾಡಿದರೆ ಜನ ಸಿಟ್ಟಾಗುತ್ತಾರೆ, ಸಹಜ. ಆದರೂ ಓಡದ ಹನ್ನೆರಡು ಟ್ರಿಪ್ಪಿನ ಪಟ್ಟಿಗಿಂತ ಓಡುವ ಎಂಟು ಟ್ರಿಪ್ಪಿನ ಪಟ್ಟಿ ಮೇಲು ಅಂತ ನಾನಂತೂ ಹೇಳುತ್ತೇನೆ. ಎಂಟನ್ನು ನಂಬಿ ಮನೆ ಬಿಡಬಹುದು. ಇನ್ನು ನಾಲ್ಕು ಯಾಕಿಲ್ಲ ಅಂತ ಜಗಳ ಆಡುವುದಕ್ಕೂ ಆಧಾರ ಸಿಗುತ್ತದೆ.

ದೆವ್ವವನ್ನು ಗುರುತಿಸಲು ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ನಿಮಿಷ ಇಳಿಯುವುದನ್ನು ನೋಡಿ. ಎಂಟು, ಏಳು, ಆರು, ಐದು ಅಂತ ಗಡಿಯಾರದ ಹಾಗೆ ಒಂದು ನಿಮಿಷಕ್ಕೆ ಒಂದು ಇಳಿಯುತ್ತಿದ್ದರೆ ಅನುಮಾನ ಪಡಿ. ನಿಜವಾದ ಬಸ್ಸು ಹಾಗೆ ನೀಟಾಗಿ ಬರುವುದಿಲ್ಲ. ಅದು ಎಡವುತ್ತದೆ. ಆರಾದದ್ದು ಮತ್ತೆ ಏಳಾಗುತ್ತದೆ, ಆಮೇಲೆ ಒಂದೇ ಸಲಕ್ಕೆ ನಾಲ್ಕಾಗುತ್ತದೆ. ಎದುರು ದಿಕ್ಕಿಗೆ ಹೋಗುವ ಬಸ್ಸನ್ನೂ ನೋಡಿ. ಕೊನೆಯ ಸ್ಟಾಪಿಗೆ ಹೋಗಿ ತಿರುಗಿ ನಿಮ್ಮ ಕಡೆ ಬರಬೇಕಾದದ್ದು ಅದೇ. ಅದೇ ಹೋಗಿಲ್ಲ ಅಂದರೆ ಇದು ಎಲ್ಲಿಂದ ಬರಬೇಕು?

ನಿನ್ನೆ ಅದೇ ಸ್ಟಾಪಿನಲ್ಲಿ ಅದೇ ಹಿರಿಯರು ಸಿಕ್ಕಿದರು. ನನ್ನ ಫೋನಿನಲ್ಲಿ ನಾಲ್ಕು ನಿಮಿಷ ಅಂತಿತ್ತು. ಐದಾಯಿತು. ಮತ್ತೆ ನಾಲ್ಕಾಯಿತು. "ಇವತ್ತೂ ಕೈ ಕೊಡುತ್ತೆ ಬಿಡಿ" ಅಂದರು. "ಇಲ್ಲ ಸಾರ್, ಇವತ್ತು ನಿಜವಾದ ಬಸ್ಸು" ಅಂದೆ. ಹನ್ನೊಂದು ನಿಮಿಷಕ್ಕೆ ಬಂತು, ಫುಟ್‌ಬೋರ್ಡಿನವರೆಗೂ ಜನ. ಅದರ ಬೆನ್ನಿಗೇ ಇನ್ನೊಂದು. ನಾನು ಅವಸರದಲ್ಲಿ ಮೊದಲನೆಯದಕ್ಕೆ ನುಗ್ಗಿದೆ. ಅವರು ನಿಧಾನಕ್ಕೆ ಎರಡನೆಯದಕ್ಕೆ ಹೋಗಿ ಕಿಟಕಿ ಪಕ್ಕ ಕೂತರು.